ಎರಡು ಹಂತದ ಕೀಬೋರ್ಡ್ ಸ್ಟ್ಯಾಂಡ್ ಕೊಳ್ಳುವ ಮುನ್ನ ಮೇಲಿನ ತೋಳು ಬಿಚ್ಚಿ ನೋಡಿ

ಮನೆಯಲ್ಲೇ ಸ್ಟುಡಿಯೋ ಮಾಡಿಕೊಂಡವರು, ಮಾಡಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಎಕ್ಸ್ ಆಕಾರದ ಮಾಮೂಲಿ ಸ್ಟ್ಯಾಂಡ್‌ಗೆ ಮೇಲೆ ಎರಡು ತೋಳು ಸಿಕ್ಕಿಸಿ 'ಡಬಲ್ ಸ್ಟ್ಯಾಂಡ್' ಅಂತ ಮಾರುತ್ತಾರಲ್ಲ, ಅಂಥದ್ದೊಂದು ನನ್ನ ಡಿಜಿಟಲ್ ಪಿಯಾನೊವನ್ನು ಹಾಳು ಮಾಡಿತು.

ಕೆಳಗೆ 88 ಕೀಗಳ ಪಿಯಾನೊ, ಮೇಲೆ 61 ಕೀಗಳ ಸಿಂಥ್, ಅಂದರೆ ಬಗೆಬಗೆಯ ದನಿ ಹೊರಡಿಸುವ ಸಿಂಥಸೈಜರ್ ಕೀಬೋರ್ಡ್. ಒಂದು ಭಾವಗೀತೆಗೆ ಸ್ಟ್ರಿಂಗ್ಸ್ (ಪಿಟೀಲು ಮೇಳದಂಥ ದನಿ) ನುಡಿಸುತ್ತಿದ್ದೆ. ಎಡಗಡೆಯ ತೋಳು ಮೆಲ್ಲಗೆ ಕೆಳಕ್ಕೆ ಬಾಗಿತು. ಹಿಡಿಯುವಷ್ಟರಲ್ಲಿ ಸಿಂಥ್ ಮುಂದಕ್ಕೆ ಜಾರಿ, ಅದರ ಮೂಲೆ ನೇರವಾಗಿ ಪಿಯಾನೊ ಕೀಗಳ ಮೇಲೆ ಬಿತ್ತು. ಎರಡು ಕೀ ಮುರಿದವು, ಪಕ್ಕದ್ದು ಒತ್ತಿದರೆ ಮೇಲೇಳುತ್ತಿಲ್ಲ. ಬಿದ್ದು ಆದ ಹಾನಿ ವಾರಂಟಿಗೆ ಬರುವುದಿಲ್ಲ. ರಿಪೇರಿ ಖರ್ಚೆಲ್ಲ ನನ್ನ ತಲೆಗೇ ಬಂತು.

ಆಮೇಲೆ ತೋಳು ಬಿಚ್ಚಿ ನೋಡಿದೆ. ದುಂಡನೆಯ ಪೈಪು, ಸುತ್ತ ತೆಳು ತಗಡಿನ ಕ್ಲಾಂಪ್. ಒಂದು ಬೋಲ್ಟು ಬಂದು ಪೈಪಿಗೆ ಒತ್ತಿ ನಿಲ್ಲುತ್ತದೆ, ಅಷ್ಟೇ. ತೂತಿಲ್ಲ, ಪಿನ್ ಇಲ್ಲ, ಹಲ್ಲಿಲ್ಲ. ಬೋಲ್ಟಿನ ತುದಿ ಪೈಪಿನ ಕಪ್ಪು ಬಣ್ಣ ಕೆರೆದು ಒಂದು ಬಿಳಿ ಗೀರು ಎಳೆದಿತ್ತು. ಅಂದರೆ ಒಂದೇ ಏಟಿಗೆ ಜಾರಿದ್ದಲ್ಲ, ದಿನಾ ಕೂದಲೆಳೆಯಷ್ಟು ಜಾರುತ್ತಾ ಬಂದಿತ್ತು. ಬಲಗಡೆಯ ನಾಬ್ ಇನ್ನೂ ಕೆಟ್ಟದು. ತಿರುಗಿಸಿದರೆ ಪ್ಲಾಸ್ಟಿಕ್ ಮಾತ್ರ ತಿರುಗುತ್ತಿತ್ತು, ಒಳಗಿನ ಬೋಲ್ಟು ಕೂತಲ್ಲೇ ಕೂತಿತ್ತು.

ಡಬ್ಬದ ಮೇಲೆ ಮಾತ್ರ ದೊಡ್ಡದಾಗಿ '60 ಕೆಜಿ' ಅಂತ ಅಚ್ಚಾಗಿದೆ. ಮಾರಿದವರಿಗೆ ಫೋನ್ ಮಾಡಿದರೆ, "ಅದು ಕೆಳಗಿನದಕ್ಕೆ ಸಾರ್, ಮೇಲೆ ಹಗುರದ್ದು ಇಡ್ಬೇಕು" ಅಂದರು. ಈ ಮಾತು ಡಬ್ಬದ ಮೇಲಾಗಲಿ ಒಳಗಿನ ಚೀಟಿಯಲ್ಲಾಗಲಿ ಎಲ್ಲೂ ಇಲ್ಲ. ನನಗೆ ಸಿಟ್ಟು ಬಂದದ್ದು ಇದಕ್ಕೇ.

ಕೆಳಗಿನ ಕೀಬೋರ್ಡಿನ ಭಾರ ನೇರ ಕಾಲಿಗೆ ಇಳಿಯುತ್ತದೆ. ಮೇಲಿನದು ಹಾಗಲ್ಲ, ತೋಳಿನ ಮೇಲೆ ಚಾಚಿಕೊಂಡಿರುತ್ತದೆ. ಕ್ಲಾಂಪಿನಿಂದ 20 ಸೆಂಟಿಮೀಟರ್ ದೂರದಲ್ಲಿರುವ ಭಾರವನ್ನು 40ಕ್ಕೆ ಸರಿಸಿದರೆ ಕ್ಲಾಂಪನ್ನು ತಿರುಚುವ ಬಲ ಎರಡರಷ್ಟಾಗುತ್ತದೆ. ಅದರ ಮೇಲೆ ನುಡಿಸುವ ಕೈಯ ಒತ್ತಡ ಬೇರೆ. ಜೊತೆಗೆ ಎಕ್ಸ್ ಸ್ಟ್ಯಾಂಡನ್ನು ಎತ್ತರಿಸಿದಷ್ಟೂ ಅದರ ಕಾಲುಗಳು ಹತ್ತಿರ ಬರುತ್ತವೆ, ಅಲುಗಾಟ ಜಾಸ್ತಿಯಾಗುತ್ತದೆ. ತಗ್ಗಿಸಿ ಕೂತು ನುಡಿಸೋಣ ಅಂದರೆ ಮಂಡಿ ನಡುವಿನ ಪೈಪಿಗೆ ತಾಗುತ್ತದೆ. ವೇದಿಕೆಗೆ ಹೊತ್ತೊಯ್ದು ಒಂದೇ ಕೀಬೋರ್ಡ್ ಇಡುವವರಿಗೆ ಎಕ್ಸ್ ಸ್ಟ್ಯಾಂಡ್ ಸರಿ. ಮನೆಯಲ್ಲಿ ಕಾಯಂ ಆಗಿ ಎರಡು ಇಡುವವರಿಗೆ ಬೇಡವೇ ಬೇಡ.

ಹಾಗಾದರೆ ಯಾವುದು? ನಾಲ್ಕು ಕಾಲಿನ ಮೇಜಿನಂಥದ್ದು ಅಥವಾ ಝಡ್ ಆಕಾರದ್ದು. ಪೈಪು ಚೌಕ ಇರಲಿ, ಮೇಲಿನ ಹಂತ ತೂತಿಗೆ ಪಿನ್ ಕೂರುವಂತಿರಲಿ. ಜರ್ಮನಿಯ ಕೊನಿಗ್ ಅಂಡ್ ಮೇಯರ್ ಕಂಪನಿಯ 'ಒಮೆಗಾ' ಸ್ಟ್ಯಾಂಡ್ ಮೇಜಿನ ಥರದ್ದೇ, ಮೇಲಿನ ಹಂತ ಬೇರೆಯಾಗಿ ಸಿಗುತ್ತದೆ. ಬೆಲೆ ಜಾಸ್ತಿ, ನಿಜ. ಅಷ್ಟು ಆಗದಿದ್ದರೆ ಹತ್ತಿರದ ವೆಲ್ಡಿಂಗ್ ಅಂಗಡಿಗೆ ಅಳತೆ ಕೊಟ್ಟು ಚೌಕ ಪೈಪಿನಲ್ಲಿ ಮಾಡಿಸಿ. ನಾನು ಈಗ ಅದನ್ನೇ ಮಾಡಿಸಿದ್ದೇನೆ, ಒಂಚೂರೂ ಅಲುಗಾಡುವುದಿಲ್ಲ. ಕೆಳಗಿನ ಕೀಗಳು ನೆಲದಿಂದ ಸುಮಾರು 72 ಸೆಂಟಿಮೀಟರ್‌ಗೆ ಬಂದರೆ ಕೂತು ನುಡಿಸಲು ಹಿತ. ಕೆಳಗಿನದರ ಬಟನ್‌ಗಳಿಗೆ ಬೆರಳು ಹೋಗುವಷ್ಟು ಜಾಗ ನಡುವೆ ಬಿಡಿ.

ಕೀಬೋರ್ಡಿನ ತೂಕ ಅಂದಾಜಿನಲ್ಲಿ ಹೇಳಬೇಡಿ. 88 ಕೀಗಳದ್ದೇ ಆದರೂ ಯಮಹಾ ಪಿ-45 11.5 ಕೆಜಿ, ರೋಲ್ಯಾಂಡ್ ಎಫ್‌ಪಿ-30ಎಕ್ಸ್ 14.8 ಕೆಜಿ. ಅಂಗಡಿಯಲ್ಲಿ "ಮೇಲಿನ ಹಂತಕ್ಕೆ ಎಷ್ಟು ಕೆಜಿ? ತೋಳು ಪೂರ್ತಿ ಚಾಚಿದಾಗ ಎಷ್ಟು?" ಅಂತ ಎರಡೂ ಕೇಳಿ. ಉತ್ತರ ಬಾಯಲ್ಲಿ ಬೇಡ, ಬಿಲ್ ಮೇಲೆ ಬರೆಸಿಕೊಳ್ಳಿ. ತೋಳಿನ ತುದಿಯನ್ನು ಎರಡೂ ಕೈಯಲ್ಲಿ ಒತ್ತಿ, ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಈಗಾಗಲೇ ಇಂಥದ್ದು ಮನೆಯಲ್ಲಿದ್ದರೆ ಇವತ್ತೇ ಮೇಲಿನ ಕೀಬೋರ್ಡ್ ಕೆಳಗಿಳಿಸಿ. ಆನ್‌ಲೈನ್‌ನಲ್ಲಿ ಕೊಂಡಿದ್ದು ಜಾಹೀರಾತಿನಲ್ಲಿ ಹೇಳಿದಂತಿಲ್ಲದಿದ್ದರೆ ಅದನ್ನು ವಾಪಸ್ ಪಡೆಯಲು ಮಾರಿದವರು ಒಲ್ಲೆ ಅನ್ನುವಂತಿಲ್ಲ, 2020ರ ಇ-ಕಾಮರ್ಸ್ ನಿಯಮದಲ್ಲೇ ಹಾಗಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಿ. ಬಿಲ್ ಜೊತೆ ಡಬ್ಬವನ್ನೂ ಇಟ್ಟುಕೊಂಡಿರಿ. ಎಷ್ಟು ತೂಕ ತಡೆಯುತ್ತದೆ ಅಂತ ಅವರೇ ಅಚ್ಚು ಹಾಕಿಸಿರುವುದು ಅದರ ಮೇಲೆ.