ಇಸುಬಿನ ಚರ್ಮಕ್ಕೆ ಗಾಣದ ಕೊಬ್ಬರಿ ಎಣ್ಣೆ: ಹಲವು ಚಳಿಗಾಲಗಳ ಬಳಕೆಯ ನಂತರ

ಮೊಣಕೈ ಮಡಿಕೆ, ಮೊಣಕಾಲಿನ ಹಿಂಭಾಗ ಮತ್ತು ಬೆರಳುಗಳ ಸಂದಿಯಲ್ಲಿ ಬರುವ ಒಣ ಇಸುಬಿಗೆ, ಅಂದರೆ ವೈದ್ಯರು ಅಟೋಪಿಕ್ ಡರ್ಮಟೈಟಿಸ್ ಎಂದು ಚೀಟಿಯಲ್ಲಿ ಬರೆಯುವ ಎಕ್ಸಿಮಾಕ್ಕೆ, ನಾನು ಹಲವು ವರ್ಷಗಳಿಂದ ತಿಪಟೂರು ಕಡೆಯ ಮರದ ಗಾಣದ ಕೊಬ್ಬರಿ ಎಣ್ಣೆಯನ್ನು ಬಳಸುತ್ತಿದ್ದೇನೆ. ಅದು ಕಾಯಿಲೆಯನ್ನು ಗುಣಪಡಿಸಿಲ್ಲ, ಗುಣಪಡಿಸುತ್ತದೆ ಎಂಬ ಮಾತನ್ನು ನಂಬಬೇಕಾಗಿಯೂ ಇಲ್ಲ. ಆದರೆ ಇಸುಬು ಕೆರಳುವುದು ಅಪರೂಪವಾಗಿದೆ, ರಾತ್ರಿ ಕೆರೆದುಕೊಳ್ಳುತ್ತಾ ಎಚ್ಚರಗೊಳ್ಳುವುದು ಕಡಿಮೆಯಾಗಿದೆ, ವೈದ್ಯರು ಕೊಟ್ಟ ಸ್ಟಿರಾಯ್ಡ್ ಮುಲಾಮಿನ ಟ್ಯೂಬು ಮೊದಲಿಗಿಂತ ಹೆಚ್ಚು ಕಾಲ ಬರುತ್ತಿದೆ.

ಎಣ್ಣೆಯ ಗುಣಮಟ್ಟಕ್ಕಿಂತ ಅದನ್ನು ಹಚ್ಚುವ ಹೊತ್ತೇ ಇಲ್ಲಿ ಮುಖ್ಯ. ನಮ್ಮ ಅಭ್ಯಂಜನದ ಪದ್ಧತಿಯಲ್ಲಿ ಮೊದಲು ಎಣ್ಣೆ ಹಚ್ಚಿ ನೆನೆಯುತ್ತೇವೆ, ಆಮೇಲೆ ಸುಡುಸುಡು ನೀರೆರೆದುಕೊಂಡು ಸೀಗೇಕಾಯಿಯಿಂದಲೋ ಕಡಲೆಹಿಟ್ಟಿನಿಂದಲೋ ಉಜ್ಜಿ ಜಿಡ್ಡನ್ನೆಲ್ಲ ತೆಗೆಯುತ್ತೇವೆ. ಆರೋಗ್ಯವಂತ ಚರ್ಮಕ್ಕೆ ಇದು ಹಿತವಾಗಿರಬಹುದು; ಇಸುಬಿನ ಚರ್ಮಕ್ಕೆ ಬೇಕಾಗಿರುವುದು ಇದರ ತಿರುವುಮುರುವು. ಈ ಚರ್ಮದ ಹೊರಪದರಕ್ಕೆ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಬಿಸಿನೀರು ಮತ್ತು ಕ್ಷಾರೀಯ ಸೋಪು ಇರುವ ಅಲ್ಪಸ್ವಲ್ಪ ಜಿಡ್ಡನ್ನೂ ತೊಳೆದುಬಿಡುತ್ತವೆ. ಆದ್ದರಿಂದ ಉಗುರುಬೆಚ್ಚನೆಯ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈಯಲ್ಲಿ ಇನ್ನೂ ತೇವವಿರುವಾಗಲೇ, ಬಚ್ಚಲಿನಿಂದ ಹೊರಬರುವ ಮೊದಲೇ ಎಣ್ಣೆ ಸವರಿಕೊಳ್ಳಬೇಕು. ಎಣ್ಣೆಯಲ್ಲಿ ನೀರಿನಂಶವಿಲ್ಲ, ಚರ್ಮದಲ್ಲಿರುವ ನೀರು ಆರಿಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ಒಣಗಿದ ಚರ್ಮದ ಮೇಲೆ ಎಷ್ಟು ಸುರಿದರೂ ಮೈ ಮಿನುಗುತ್ತದೆಯೇ ಹೊರತು ಒಳಗಿನ ಬಿಗಿತ ಸಡಿಲವಾಗುವುದಿಲ್ಲ.

ಮನೆಯಲ್ಲಿರುವ ಯಾವ ಎಣ್ಣೆಯಾದರೂ ಸಾಕೆಂದು ಭಾವಿಸಬಾರದು. ಕೊಬ್ಬರಿ ಎಣ್ಣೆಯ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ ಎಂಬ ಕೊಬ್ಬಿನಾಮ್ಲ. ಇಸುಬಿನ ಚರ್ಮದ ಮೇಲೆ ನೆಲೆಯೂರಿ ಉರಿಯೂತವನ್ನು ಹೆಚ್ಚಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾವನ್ನು ಅದು ತಕ್ಕಮಟ್ಟಿಗೆ ಹತ್ತಿಕ್ಕುತ್ತದೆ. 2008ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸ್‌ನ ಒಂದು ಸಣ್ಣ ಅಧ್ಯಯನದಲ್ಲಿ ಈ ಬ್ಯಾಕ್ಟೀರಿಯಾವನ್ನು ಕಡಿಮೆ ಮಾಡುವುದರಲ್ಲಿ ವರ್ಜಿನ್ ಕೊಬ್ಬರಿ ಎಣ್ಣೆ ಆಲಿವ್ ಎಣ್ಣೆಗಿಂತ ಮೇಲಾಗಿತ್ತು. ಓಲಿಯಿಕ್ ಆಮ್ಲ ಎಂಬ ಇನ್ನೊಂದು ಕೊಬ್ಬಿನಾಮ್ಲ ಹೆಚ್ಚಿರುವ ಆಲಿವ್ ಎಣ್ಣೆಯಾದರೋ ಚರ್ಮದ ಹೊರಪದರವನ್ನು ಇನ್ನಷ್ಟು ದುರ್ಬಲಗೊಳಿಸಬಲ್ಲದು. ಸಾಸಿವೆ ಎಣ್ಣೆಯ ಘಾಟು ಒಡೆದ ಚರ್ಮಕ್ಕೆ ಹೇಳಿಸಿದ್ದಲ್ಲ.

ಆದರೆ ಆ ಅಧ್ಯಯನದ ವರ್ಜಿನ್ ಎಣ್ಣೆ ಹಸಿ ತೆಂಗಿನಕಾಯಿಯಿಂದ ತೆಗೆಯುವಂಥದ್ದು, ಗಾಣದ ಎಣ್ಣೆ ಒಣಗಿದ ಕೊಬ್ಬರಿಯಿಂದ ಬರುವಂಥದ್ದು ಎಂಬುದನ್ನು ಗಮನಿಸಬೇಕು. ಎರಡರಲ್ಲೂ ಲಾರಿಕ್ ಆಮ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುವುದರಿಂದಲೂ ವರ್ಜಿನ್ ಎಣ್ಣೆಯ ಬೆಲೆ ಮೈಗೆಲ್ಲ ಹಚ್ಚುವಂತಿಲ್ಲದಿರುವುದರಿಂದಲೂ ನಾನು ಗಾಣದ್ದನ್ನೇ ಆರಿಸಿಕೊಂಡೆ. ಗಂಧಕದ ಹೊಗೆ ಹಾಕಿದ ಕೊಬ್ಬರಿಯೋ ಬಿಸಿಲಲ್ಲಿ ಒಣಗಿಸಿದ್ದೋ ಎಂದು ಗಾಣದವರನ್ನು ಕೇಳಿಯೇ ಕೊಳ್ಳಬೇಕು. 2025ರಲ್ಲಿ ಕೊಬ್ಬರಿಯ ಬೆಲೆ ಗಗನಕ್ಕೇರಿದಾಗ ಒಂದು ಅಂಗಡಿಯಿಂದ ತಂದ ಬಾಟಲಿ, ಡಿಸೆಂಬರ್ ಚಳಿಯಲ್ಲಿ ತಳದಲ್ಲಿ ಮಾತ್ರ ಹೆಪ್ಪುಗಟ್ಟಿ ಮೇಲೆ ತಿಳಿಯಾಗಿಯೇ ಉಳಿಯಿತು. ಸುಮಾರು 24 ಡಿಗ್ರಿಗಿಂತ ಸಾಕಷ್ಟು ಕೆಳಗಿಳಿದ ಚಳಿಯಲ್ಲಿ ಅಪ್ಪಟ ಕೊಬ್ಬರಿ ಎಣ್ಣೆ ಬಾಟಲಿಯ ತುಂಬ ಒಂದೇ ಸಮನೆ ಬೆಳ್ಳಗೆ ಗಟ್ಟಿಯಾಗುತ್ತದೆ. ಹಾಗಾಗದ ಎಣ್ಣೆಯನ್ನು ನಾನು ದೇವರ ದೀಪಕ್ಕೆ ಬಿಟ್ಟೆ. ಗಟ್ಟಿಯಾದ ಎಣ್ಣೆಯನ್ನು ಒಲೆಯ ಮೇಲಿಟ್ಟು ಕಾಯಿಸಬೇಕಿಲ್ಲ, ಚಮಚದ ತುದಿಯಲ್ಲಿ ತೆಗೆದು ಅಂಗೈಯಲ್ಲಿ ತಿಕ್ಕಿದರೆ ಕ್ಷಣದಲ್ಲಿ ಕರಗುತ್ತದೆ. ಕಮಟು ವಾಸನೆ ಬಂದರೆ ಮಾತ್ರ ಮುಲಾಜಿಲ್ಲದೆ ಚೆಲ್ಲಬೇಕು.

ತೊಂದರೆಗಳೂ ಇವೆ. ಬೇಸಿಗೆಯಲ್ಲಿ ಎಣ್ಣೆಯ ಕೆಳಗೆ ಬೆವರು ಕಟ್ಟಿಕೊಂಡು ಬೆವರುಸಾಲೆ ಏಳುತ್ತದೆ. ಮಾರ್ಚ್‌ನಿಂದ ಮೇವರೆಗೆ ನಾನು ವಾಸನೆರಹಿತ ಕ್ರೀಮಿಗೆ ಮರಳುತ್ತೇನೆ. ಮುಖಕ್ಕೆ ಹಚ್ಚಿದರೆ ಮೊಡವೆ ಬರುವ ಸಂಭವವಿದೆ. ದಿಂಬಿನ ಚೀಲದ ಅಂಚು ಹಳದಿಯಾಗಿ, ಎಷ್ಟು ಒಗೆದರೂ ಹಳೆಯ ಎಣ್ಣೆಯ ವಾಸನೆ ಬಿಡದೆ, ಮನೆಯವರಿಂದ ಬೈಗುಳ ಕೇಳಬೇಕಾಗುತ್ತದೆ. ರಸಿಕೆ ಸೋರುವ, ಹಳದಿ ಹೆಕ್ಕಳೆ ಕಟ್ಟಿದ ಇಸುಬಿಗೆ ಎಣ್ಣೆ ಸಲ್ಲದು. ಅದು ಸೋಂಕಿನ ಲಕ್ಷಣವಾಗಿರಬಹುದಾದ್ದರಿಂದ ಅಂಥ ಸಂದರ್ಭದಲ್ಲಿ ಚರ್ಮವೈದ್ಯರನ್ನೇ ಕಾಣಬೇಕು.

ತುರಿಕೆ ತೀರಾ ಹೆಚ್ಚಾದ ದಿನಗಳಲ್ಲಿ ಎಣ್ಣೆಗೆ ಜೊತೆಯಾಗಿ ಓಟ್ಸ್ ಪುಡಿಯನ್ನು ಬಳಸುತ್ತೇನೆ. ನಯವಾಗಿ ಪುಡಿ ಮಾಡಿದ ಓಟ್ಸನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2003ರಲ್ಲಿ ಚರ್ಮರಕ್ಷಕಗಳ ಪಟ್ಟಿಗೆ ಸೇರಿಸಿದೆ. ಮಸಾಲೆ ಬೆರೆಸದ ಸಾದಾ ಓಟ್ಸನ್ನು ಮಿಕ್ಸಿಯಲ್ಲಿ ಬೀಸಿ, ಒಂದು ಚಮಚ ಪುಡಿಯನ್ನು ಲೋಟದ ನೀರಿಗೆ ಹಾಕಿದಾಗ ತಳ ಸೇರದೆ ನೀರು ಹಾಲಿನಂತಾದರೆ ಅದು ಸಾಕಷ್ಟು ನುಣ್ಣಗಾಗಿದೆ ಎಂದರ್ಥ. ಬಾತ್‌ಟಬ್ ಇಲ್ಲದ ನಮ್ಮ ಮನೆಗಳಲ್ಲಿ ಮೈಯೆಲ್ಲ ನೆನೆಸುವುದು ಆಗದ ಮಾತು. ಕೈಗಳನ್ನು ಈ ಪುಡಿ ಕಲಸಿದ ನೀರಿನ ಬೇಸಿನ್ನಿನಲ್ಲಿ ಹತ್ತು ನಿಮಿಷ ಅದ್ದಿಡುತ್ತೇನೆ, ಮೊಣಕಾಲಿಗೆ ಅದೇ ನೀರಿನಲ್ಲಿ ಅದ್ದಿದ ಪಂಚೆಬಟ್ಟೆಯನ್ನು ಸುತ್ತುತ್ತೇನೆ. ಅನಂತರ ಬಚ್ಚಲನ್ನು ಚೆನ್ನಾಗಿ ತೊಳೆಯದಿದ್ದರೆ ಜಾರಿ ಬೀಳುವುದು ಖಂಡಿತ.

ಬಂಧುಗಳು ಸೂಚಿಸುವ ಅರಿಶಿನ, ಬೇವಿನ ಎಣ್ಣೆ, ನಿಂಬೆರಸ ಇವು ಯಾವುವನ್ನೂ ಒಡೆದ ಚರ್ಮಕ್ಕೆ ನಾನು ಶಿಫಾರಸು ಮಾಡಲಾರೆ. ಅರಿಶಿನವೂ ಕೆಲವರಿಗೆ ಅಲರ್ಜಿ ತರುತ್ತದೆ. ಕೊಬ್ಬರಿ ಎಣ್ಣೆಗೆ ಕರ್ಪೂರ ಬೆರೆಸುವ ರೂಢಿಯಂತೂ ಎಳೆಯ ಮಕ್ಕಳಿರುವ ಮನೆಗೆ ಬೇಡವೇ ಬೇಡ, ಏಕೆಂದರೆ ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಲೇಬಲ್ಲಿನಲ್ಲಿ ಒಳಗಿರುವ ವಸ್ತುಗಳ ಪಟ್ಟಿಯೇ ಇಲ್ಲದೆ ಎರಡೇ ದಿನದಲ್ಲಿ ಪವಾಡ ತೋರಿಸುವ ‘ಗಿಡಮೂಲಿಕೆ’ ಮುಲಾಮುಗಳಲ್ಲಿ ಸ್ಟಿರಾಯ್ಡ್ ಅಡಗಿರುವ ಸಾಧ್ಯತೆ ಹೆಚ್ಚು.

ಹೊಸದಾಗಿ ಬಳಸುವವರು ಮುಂಗೈಯ ಒಳಭಾಗದಲ್ಲಿ ಕೆಲವು ದಿನ ಹಚ್ಚಿ ನೋಡಿ, ಕೆಂಪಾಗದಿದ್ದರೆ ಮುಂದುವರಿಸಬಹುದು. ಅಗ್ಗವಾಗುತ್ತದೆಂದು ಐದು ಲೀಟರ್ ಕ್ಯಾನು ತರುವುದಕ್ಕಿಂತ ಅರ್ಧ ಲೀಟರಿನ ಗಾಜಿನ ಬಾಟಲಿಯಲ್ಲಿ ಆಗಾಗ ತಾಜಾ ಎಣ್ಣೆ ತರುವುದು ಲೇಸು.