ಎಂ42 ಲೆನ್ಸು, ಕೆ1000 ಬಾಡಿ, ಮಧ್ಯೆ ಒಂದು ರಿಂಗು: ಆರು ವರ್ಷ ಬಳಸಿದ ಮೇಲೆ ಬರೀತಿರೋದು

ಹಳೇ ಫಿಲ್ಮ್ ಕ್ಯಾಮೆರಾ ತಗೋಬೇಕು ಅಂತ ಈಗೀಗ ತುಂಬಾ ಹುಡುಗ್ರು ಕೇಳ್ತಾರೆ. ಎಲ್ರೂ ಕೇಳೋದು ಯಾವ ಬಾಡಿ ಒಳ್ಳೇದು, ಎಷ್ಟಕ್ಕೆ ಸಿಗತ್ತೆ ಅಂತಾನೇ, ಮೌಂಟ್ ಯಾವ್ದು, ಅಂದ್ರೆ ಲೆನ್ಸ್ ಬಂದು ಕೂರೋ ಬಾಯಿ ಎಂಥದ್ದು, ಅಂತ ಒಬ್ರೂ ಕೇಳಲ್ಲ. ನಾನೂ ಕೇಳಿರ್ಲಿಲ್ಲ, ಅದಕ್ಕೆ ಒಂದು ಇಡೀ ದಿನದ ತಿರುಗಾಟ, ಒಂದು ರೋಲು ಫಿಲ್ಮು ಎರಡೂ ಕಳ್ಕೊಂಡೆ, ಅದನ್ನ ಆಮೇಲೆ ಹೇಳ್ತೀನಿ.

ನಮ್ಮ ಚಿಕ್ಕಪ್ಪ ಹಾಸನದಲ್ಲಿ ಸ್ಟುಡಿಯೋ ಇಟ್ಟಿದ್ರು. ಮದುವೆ, ನಾಮಕರಣ, ಸ್ಕೂಲ್ ಗ್ರೂಪ್ ಫೋಟೋ, ಎಲ್ಲಾ ಅವರದ್ದೇ. ಅಂಗಡಿ ಮುಚ್ಚಿದ ಮೇಲೆ ಒಂದಿನ ಕರೆದು ಅವರ ಲೆದರ್ ಬ್ಯಾಗನ್ನ ನನ್ನ ಕೈಗೆ ಕೊಟ್ರು. ಒಳಗೆ ಪೆಂಟ್ಯಾಕ್ಸ್ ಸ್ಪಾಟ್‌ಮ್ಯಾಟಿಕ್, ಮೂರು ಸೂಪರ್ ಟಕುಮಾರ್ ಲೆನ್ಸು, 28 ಎಫ್/3.5, 55 ಎಫ್/1.8, 135 ಎಫ್/3.5. ಮೊದಲ ನಂಬರ್ ಫೋಕಲ್ ಲೆಂತ್, ಮಿ.ಮೀ. ಲೆಕ್ಕ, ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣತ್ತೆ. ಎಫ್ ನಂಬರ್ ಅಪರ್ಚರಿಂದು, ಅಂದ್ರೆ ಬೆಳಕು ಬಿಡೋ ಕಿಂಡಿದು, ನಂಬರ್ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಸ್ಪಾಟ್‌ಮ್ಯಾಟಿಕ್ 1964ರಲ್ಲಿ ಬಂದ ಮಾಡೆಲ್ಲು, ನನಗಿಂತ ವಯಸ್ಸಲ್ಲಿ ದೊಡ್ಡದು. ಒಂದೂವರೆ ವರ್ಷ ಚೆನ್ನಾಗಿ ನಡೀತು, ಆಮೇಲೆ ಶಟರ್ ಪರದೆ ಎಳೆಯೋಕೆ ಶುರುವಾಯ್ತು, 1/500, 1/1000 ಸೆಕೆಂಡ್ ಸ್ಪೀಡಲ್ಲಿ ತೆಗೆದ ಫೋಟೋದಲ್ಲೆಲ್ಲಾ ಒಂದು ಪಕ್ಕ ಕಪ್ಪು. ಚಿಕ್ಕಪ್ಪಂಗೆ ಫೋನ್ ಮಾಡಿದ್ರೆ ಒಂದೇ ಮಾತು: "ಬಾಡಿ ಹೋದ್ರೆ ಬಾಡಿ ತಗೊಳೋ, ಲೆನ್ಸ್ ಮಾತ್ರ ಯಾರಿಗೂ ಕೊಡ್ಬೇಡ."

ಹಂಗಾಗಿ ಸೆಕೆಂಡ್ ಹ್ಯಾಂಡ್ ಪೆಂಟ್ಯಾಕ್ಸ್ ಕೆ1000 ತಗೊಂಡೆ, ಜೊತೆಗೆ ಪೆಂಟ್ಯಾಕ್ಸ್ ಎಂ 50 ಎಫ್/2 ಲೆನ್ಸ್ ಬಂತು. ಕೆ1000 ಅಂದ್ರೆ 1976ರಿಂದ 1997ರವರೆಗೆ ಮಾಡಿದ ಕ್ಯಾಮೆರಾ, ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬೇಕಿರೋದು ಬೆಳಕು ಅಳೆಯೋ ಮೀಟರಿಗೆ ಮಾತ್ರ, ಅದೂ ವಾಚ್ ಅಂಗಡೀಲಿ ಸಿಗೋ ಒಂದು ಎಲ್‌ಆರ್44. ಎರಡೂ ಪೆಂಟ್ಯಾಕ್ಸೇ ಅಲ್ವಾ, ಲೆನ್ಸ್ ಕೂರತ್ತೆ ಅಂದ್ಕೊಂಡಿದ್ದೆ. ಕೂರಲ್ಲ. ಟಕುಮಾರ್ ಹಿಂದೆ ಸ್ಕ್ರೂ ಇದೆ, ಬಾಟಲಿ ಮುಚ್ಚಳ ಥರ ತಿರುಗಿಸಿ ಹಾಕೋದು, ಇದನ್ನೇ ಎಂ42 ಅನ್ನೋದು, 42 ಮಿ.ಮೀ. ಅಗಲ, ಒಂದು ಸುತ್ತಿಗೆ 1 ಮಿ.ಮೀ. ಒಳಗೆ ಹೋಗತ್ತೆ. ಕೆ1000ದು ಬಯೊನೆಟ್, ಇಟ್ಟು ಸ್ವಲ್ಪ ತಿರುಗಿಸಿದ್ರೆ ಟಕ್ ಅಂತ ಲಾಕ್ ಆಗತ್ತೆ. ಎರಡರ ಮಧ್ಯೆ ಒಂದು ಅಡಾಪ್ಟರ್ ರಿಂಗ್ ಬೇಕು.

ಆನ್‌ಲೈನಲ್ಲಿ ಹುಡುಕಿದೆ, ಕಡಿಮೆ ರೇಟಿಂದು ಸಿಕ್ತು, ಹೆಸರು ಯಾಕೆ, ತರಿಸ್ಕೊಂಡೆ. ನೋಡೋಕೆ ಭಾರಿ ಚೆನ್ನಾಗಿತ್ತು, ಬೆಳ್ಳಿ ಥರ ಹೊಳೀತಿತ್ತು, ಸುತ್ತ ಒಂದು ಅಂಚು ಬೇರೆ, ಆ ಅಂಚು ಹಿಡ್ಕೊಂಡು ಸಲೀಸಾಗಿ ಹಾಕಿ ತೆಗೀಬಹುದು. ಪ್ಯಾಕೆಟ್ ಬಂದ ಮರುದಿನ ಭಾನುವಾರ, ಬೆಳಗ್ಗೆ ಆರಕ್ಕೇ ಬೈಕ್ ಹತ್ತಿ ಬೆಳವಾಡಿಗೆ ಹೋದೆ. ವೀರನಾರಾಯಣ ದೇವಸ್ಥಾನ ನೋಡಿದೋರಿಗೆ ಗೊತ್ತು, ಹೊಯ್ಸಳರ ಕಾಲದ್ದು, ಆ ನುಣುಪಾದ ಕಂಬಗಳ ಮೇಲೆ ಬೆಳಗಿನ ಬಿಸಿಲು ಬಿದ್ರೆ ಕನ್ನಡಿ ಥರ ಕಾಣತ್ತೆ. ಹೊರಗೆ ನಿಂತು 55 ಹಾಕಿ ಇಡೀ ಮುಂಭಾಗ ಫ್ರೇಮ್ ಮಾಡ್ದೆ, ಫೋಕಸ್ ರಿಂಗ್ ತಿರುಗಿಸ್ತಾ ಹೋದೆ, ಇನ್ಫಿನಿಟಿ, ಅಂದ್ರೆ ಅತಿ ದೂರದ ಗುರುತಿಗೆ ಹೋಗಿ ನಿಂತೋಯ್ತು, ವ್ಯೂಫೈಂಡರ್ ನಡುವಿನ, ಫೋಕಸ್ ಕೂತ್ರೆ ತಿಳಿಯಾಗೋ ಮೈಕ್ರೋಪ್ರಿಸಮ್ ಇನ್ನೂ ಗುಳುಗುಳು ಅಂತಾನೇ ಇದೆ. ಕಣ್ಣು ಒರೆಸ್ಕೊಂಡೆ, ಲೆನ್ಸ್ ಬಿಚ್ಚಿ ಮತ್ತೆ ಹಾಕ್ದೆ, ಅಷ್ಟೇ. 28 ಹಾಕ್ದೆ, ಅದು ಇನ್ನೂ ಕೆಟ್ಟದಾಗಿತ್ತು, ಎರಡು ಮಾರು ದೂರದ ಕಂಬವೂ ಮಂಜು. ಅಪರ್ಚರ್ 16ಕ್ಕೆ ಇಳಿಸಿದ್ರೆ ಸರಿಹೋಗತ್ತೆ ಅಂತ ನಂಬ್ಕೊಂಡು ಇಡೀ ರೋಲ್ ಮುಗಿಸ್ದೆ. ಡೆವಲಪ್ ಆಗಿ ಸ್ಕ್ಯಾನ್ ಬಂದಾಗ ಅಷ್ಟರಲ್ಲಿ ಬಾಗಿಲ ಪಕ್ಕದ ಆನೆಯ ಸೊಂಡಿಲ ಕ್ಲೋಸಪ್ ಒಂದೇ ಶಾರ್ಪ್ ಇತ್ತು. ಬೇಜಾರಾಗಿ ವಾರ ಪೂರ್ತಿ ಕ್ಯಾಮೆರಾ ಮುಟ್ಲಿಲ್ಲ.

ಕೆ1000ದ ಸ್ವಂತ 50 ಲೆನ್ಸ್ ಹಾಕಿದ್ರೆ ಎಲ್ಲಾ ಸರಿ, ಹಾಗಾದ್ರೆ ಬಾಡಿದು ತಪ್ಪಿಲ್ಲ. ನಮ್ಮ ಬೀದಿ ಲೇತ್ ಅಂಗಡಿಯವರ ಹತ್ರ ರಿಂಗ್ ತಗೊಂಡೋದೆ. ಅವರು ವರ್ನಿಯರ್ ಇಟ್ಟು ಆ ಹೊಳೆಯೋ ಅಂಚಿನ ದಪ್ಪ ಅಳೆದ್ರು, ಸರಿಯಾಗಿ 1 ಮಿ.ಮೀ. "ಇದೊಂದು ಮಿಲಿಮೀಟರ್ ಏನ್ಮಾಡತ್ತೆ ಸರ್" ಅಂದ್ರು. ಎಲ್ಲಾ ಮಾಡಿದ್ದು ಅದೇ.

ವಿಷಯ ಇಷ್ಟು. ಪ್ರತಿ ಕ್ಯಾಮೆರಾದಲ್ಲೂ ಲೆನ್ಸ್ ಬಂದು ಕೂರೋ ಮುಖಕ್ಕೂ ಹಿಂದಿನ ಫಿಲ್ಮಿಗೂ ಮಧ್ಯೆ ಇಷ್ಟೇ ದೂರ ಅಂತ ಲೆಕ್ಕ ಇರತ್ತೆ, ಫ್ಲ್ಯಾಂಜ್ ದೂರ ಅಂತಾರೆ. ಎಂ42ಕ್ಕೆ ಅದು 45.46 ಮಿ.ಮೀ. ಪೆಂಟ್ಯಾಕ್ಸಿನವರು 1975ರಲ್ಲಿ ಸ್ಕ್ರೂ ಬಿಟ್ಟು ಕೆ ಮೌಂಟ್ ತಂದಾಗ ಬಾಯಿ ಅಗಲ ಮಾಡಿದ್ರು, ಆದ್ರೆ ಆ 45.46ನ್ನ ಹಾಗೇ ಉಳಿಸ್ಕೊಂಡ್ರು, ಹಳೇ ಲೆನ್ಸ್ ಇಟ್ಕೊಂಡಿರೋ ಜನ ಕೈ ಬಿಟ್ಟೋಗಬಾರದು ಅಂತ. ಅದಕ್ಕೇ ರಿಂಗ್ ಅನ್ನೋದು ಪೂರ್ತಿ ಬಾಯಿ ಒಳಗೇ ಕೂರಬೇಕು, ಮುಖದ ಮೇಲೆ ಕೂದಲೆಳೆಯಷ್ಟೂ ಏಳಬಾರದು. ಅಂಚು ಇದ್ರೆ ಲೆನ್ಸ್ ಅಷ್ಟು ಮುಂದಕ್ಕೆ ಹೋಯ್ತು ಅಂತಾನೇ ಅರ್ಥ. ಫೋಕಲ್ ಲೆಂತ್‌ನ ಅದರಿಂದಲೇ ಗುಣಿಸಿ, ಅಂಚಿನ ದಪ್ಪದಿಂದ ಭಾಗಿಸಿ, ಫೋಕಸ್ ಆಗೋ ಅತಿ ದೂರ ಹೆಚ್ಚುಕಮ್ಮಿ ಸಿಗತ್ತೆ: 55ಕ್ಕೆ 3 ಮೀಟರ್, 135ಕ್ಕೆ 18 ಮೀಟರ್, 28ಕ್ಕೆ 78 ಸೆಂ.ಮೀ. ಬೆಳವಾಡೀಲಿ ಆನೆ ಸೊಂಡಿಲು ಒಂದೇ ಯಾಕೆ ಬಂತು ಅಂತ ಈ ಲೆಕ್ಕ ಮಾಡಿದಾಗ ತಿಳೀತು.

ಎರಡನೇ ಸಲ ಪೆಂಟ್ಯಾಕ್ಸಿನವರದ್ದೇ ಹಳೇ ಒರಿಜಿನಲ್ ರಿಂಗ್ ಹುಡುಕಿ ತಗೊಂಡೆ, ಮೊದಲಿನದರ ಐದಾರು ಪಟ್ಟು ಕೊಟ್ಟೆ, ಇವತ್ತಿಗೂ ಒಂದು ರೂಪಾಯಿ ದಂಡ ಅನ್ನಿಸಿಲ್ಲ. ಅಂಚಿಲ್ಲ, ತೆಳ್ಳಗೆ, ಪಕ್ಕದಲ್ಲಿ ಚಿಕ್ಕದೊಂದು ಸ್ಪ್ರಿಂಗ್ ಪಟ್ಟಿ. ಬಾಡಿಯೊಳಗೆ ಇಟ್ಟು ತಿರುಗಿಸಿದ್ರೆ ಸ್ಪ್ರಿಂಗ್ ಹೋಗಿ ಕಚ್ಕೊಳ್ಳತ್ತೆ. ತೆಗೀಬೇಕಾದ್ರೆ ಮಾತ್ರ ಸಹನೆ ಬೇಕು, ಉಗುರಿಂದ ಸ್ಪ್ರಿಂಗ್ ಒಳಕ್ಕೆ ಒತ್ತಿ ಹಿಡ್ಕೊಂಡು ಅದೇ ಹೊತ್ತಿಗೆ ರಿಂಗ್ ತಿರುಗಿಸ್ಬೇಕು, ಕನ್ನಡಿ ಅಲ್ಲೇ ಹಿಂದೆ ಇರತ್ತೆ, ಸ್ಕ್ರೂಡ್ರೈವರ್ ಜಾರಿದ್ರೆ ಕಥೆ ಮುಗೀತು. ನಾನು ತೆಗೆಯೋದೇ ಇಲ್ಲ, ಕೆ1000 ಒಳಗೇ ಬಿಟ್ಟಿದೀನಿ, ಅದರ ಸ್ವಂತ 50 ಲೆನ್ಸ್ ತಂಗಿ ಮಗಳ ಹತ್ರ ಇದೆ. ಅಂಚಿಲ್ಲದ ಅಗ್ಗದ ನಕಲು ರಿಂಗೂ ಬರ್ತವೆ. ಹಾಸನದ ಸ್ನೇಹಿತರೊಬ್ರ ಹತ್ರ ಇರೋದ್ರಲ್ಲಿ ಇನ್ಫಿನಿಟಿ ಸರಿಯಾಗಿ ಬರತ್ತೆ, ಆದ್ರೆ ಲೆನ್ಸ್ ಬಿಗಿ ಆಗೋ ಹೊತ್ತಿಗೆ ನಂಬರ್‌ಗಳೆಲ್ಲಾ ಮೇಲೆ ಬರೋ ಬದಲು ಪಕ್ಕಕ್ಕೆ ವಾಲಿರ್ತವೆ, ಅಪರ್ಚರ್ ಎಷ್ಟಿದೆ ಅಂತ ನೋಡೋಕೆ ಕ್ಯಾಮೆರಾನೇ ಓರೆ ಮಾಡ್ಬೇಕು. ಫೋಟೋಗೆ ತೊಂದರೆ ಇಲ್ಲ, ಕೈಗೆ ಕಿರಿಕಿರಿ.

ದಿನಾ ಬಳಸೋದು ಹೇಗೆ ಅಂದ್ರೆ, ಅಡಾಪ್ಟರಲ್ಲಿ ಆಟೋ ಅಪರ್ಚರ್ ಇಲ್ಲ. ಸ್ಪಾಟ್‌ಮ್ಯಾಟಿಕ್ ಶಟರ್ ಒತ್ತಿದಾಗ ಲೆನ್ಸ್ ಹಿಂದಿನ ಪಿನ್ನನ್ನ ತಾನೇ ತಳ್ಳಿ ಅಪರ್ಚರ್ ಇಳಿಸತ್ತೆ, ಕೆ1000ಕ್ಕೆ ಆ ಕೆಲಸ ಗೊತ್ತಿಲ್ಲ. ಟಕುಮಾರಲ್ಲಿ ಆಟೋ–ಮ್ಯಾನುಯಲ್ ಅಂತ ಸ್ವಿಚ್ ಇದೆ, ಅದನ್ನೇ ಬೆರಳಲ್ಲಿ ಆಡಿಸ್ಬೇಕು: ಪೂರ್ತಿ ತೆರೆದು ಫೋಕಸ್ ಮಾಡು, ಸ್ವಿಚ್ ತಳ್ಳು, ವ್ಯೂಫೈಂಡರ್ ಕತ್ತಲಾಗತ್ತೆ, ಬಲಗಡೆ ಮುಳ್ಳು ನಡುವಿಗೆ ಬರೋ ಹಾಗೆ ಸ್ಪೀಡ್ ಇಡು, ಒತ್ತು. ಎರಡು ರೋಲ್ ಕಳೆದ್ರೆ ಬೆರಳೇ ಕಲಿಯತ್ತೆ. ಕಷ್ಟ ಆಗೋದು ದೇವಸ್ಥಾನದ ನವರಂಗದೊಳಗೆ, ಎಫ್/8ಕ್ಕೆ ಇಳಿಸಿದ್ರೆ ಮುಳ್ಳೇ ಕಾಣಲ್ಲ, ಅಲ್ಲಿ ನಾನು ತೆರೆದ ಅಪರ್ಚರಲ್ಲೇ ಮೀಟರ್ ನೋಡಿ, ಎಷ್ಟು ಸ್ಟಾಪ್ (ಅಪರ್ಚರಿನ ಮೆಟ್ಟಿಲು) ಇಳಿಸ್ತೀನಿ ಅಂತ ಎಣಿಸ್ಕೊಂಡು ಸ್ಪೀಡ್ ಇಳಿಸ್ತೀನಿ. ಲೆನ್ಸ್ ತಗೊಳ್ಳೋವಾಗ ಈ ಮ್ಯಾನುಯಲ್ ಸ್ವಿಚ್ ಇದೆಯಾ ನೋಡ್ಲೇಬೇಕು, ಕೆಲವು ಎಂ42 ಲೆನ್ಸಲ್ಲಿ ಇರಲ್ಲ, ಅಂಥದ್ದು ಅಡಾಪ್ಟರಲ್ಲಿ ಸದಾ ಪೂರ್ತಿ ತೆರೆದೇ ಇರತ್ತೆ. ರಷ್ಯಾದ ಹೆಲಿಯೋಸ್ 44-2 ತಗೊಂಡ್ರೆ ಈ ತಲೆನೋವೇ ಇಲ್ಲ, 58 ಎಫ್/2, ಪ್ರೀಸೆಟ್ ಲೆನ್ಸು, ಅಪರ್ಚರ್ ಪೂರ್ತಿ ಕೈಯಲ್ಲೇ. ಹಿನ್ನೆಲೇಲಿ ಕಾಫಿ ಗಿಡದ ಎಲೆಗಳಿದ್ರೆ ಅದು ಸುಳಿ ಸುಳಿಯಾಗಿ ತಿರುಗೋ ಚಂದ ಬೇರೆ ಯಾವ ಲೆನ್ಸಲ್ಲೂ ನಾನು ನೋಡಿಲ್ಲ.

ಸ್ಕ್ರೂ ಮೌಂಟಿನ ನಿಜವಾದ ದೂರು ಅಂದ್ರೆ ನಿಧಾನ. ಮುಳ್ಳಯ್ಯನಗಿರಿ ಮೇಲೆ ಗಾಳಿ ಬೀಸ್ತಿರುವಾಗ, ಕೈ ಮರಗಟ್ಟಿರುವಾಗ, ಮಂಜು ಎರಡು ನಿಮಿಷ ಸರಿದಾಗ 28 ಬಿಚ್ಚಿ 135 ಹಾಕೋದು ಅಂದ್ರೆ ಮೂರ್ನಾಲ್ಕು ಸುತ್ತು ಬಿಚ್ಚು, ಮೂರ್ನಾಲ್ಕು ಸುತ್ತು ಹಾಕು, ಅಷ್ಟರಲ್ಲಿ ಬೆಟ್ಟ ಮತ್ತೆ ಮುಚ್ಕೊಂಡಿರತ್ತೆ. ಬಯೊನೆಟ್ ಇದ್ದೋರು ಅಷ್ಟೊತ್ತಿಗೆ ಮೂರು ಫೋಟೋ ತೆಗೆದಿರ್ತಾರೆ. ಗಡಿಬಿಡೀಲಿ ಮರೆ (ಸ್ಕ್ರೂವಿನ ಹಲ್ಲು) ಓರೆಯಾಗಿ ಹತ್ತಿಸಬಾರದು, ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಟಿಕ್ ಅಂತ ಕೂತಮೇಲೆ ಮುಂದಕ್ಕೆ. ಇನ್ನೊಂದು ಅಪಾಯ ಇದೆ, ಇದನ್ನ ಯಾರೂ ಹೇಳಲ್ಲ. ಟಿ-ಮೌಂಟ್ ಅಂತ ಹಳೇ ಟೆಲಿ ಲೆನ್ಸುಗಳ ಹಿಂದೆ ಬರೋದೂ 42 ಮಿ.ಮೀ. ಸ್ಕ್ರೂನೇ, ನೋಡೋಕೆ ಒಂದೇ ಥರ, ಆದ್ರೆ ಅದರ ಮರೆ ಒಂದು ಸುತ್ತಿಗೆ 0.75 ಮಿ.ಮೀ. ಮಾತ್ರ. ಒಂದು ಸುತ್ತು ಹತ್ತಿ ಆಮೇಲೆ ಬಿಗಿಯತ್ತೆ. ಬಿಗಿಯಾಯ್ತು ಅಂತ ಬಲ ಹಾಕಿದ್ರೆ ರಿಂಗಿನ ಮರೆ ಹೋಯ್ತು. ನನಗೆ ಯಾರೋ ಕೊಟ್ಟ ಲೆನ್ಸಲ್ಲಿ ಹೀಗಾಗೋದ್ರಲ್ಲಿತ್ತು, ಕೈ ಅನುಮಾನಪಟ್ಟು ನಿಂತಿದ್ದಕ್ಕೆ ಉಳೀತು.

ಬೇರೆ ಕಂಪನಿ ಬಾಡಿ ಇರೋರು ಕೇಳ್ತೀರ. ನಿಕಾನ್ ಎಫ್ ಮೌಂಟ್ 1959ರಿಂದ ಇದೆ, ದೂರ 46.5, ಎಂ42ಗಿಂತ ಜಾಸ್ತಿ, ಹಂಗಾಗಿ ಮಧ್ಯೆ ಗಾಜಿಲ್ಲದ ಅಡಾಪ್ಟರಲ್ಲಿ ಇನ್ಫಿನಿಟಿ ಬರೋದೇ ಇಲ್ಲ, ಒಲಿಂಪಸ್ ಓಎಂ 46, ಅದೂ ಅಷ್ಟೇ. ಮಿನೋಲ್ಟಾ 43.5, ಕ್ಯಾನನ್ ಎಫ್‌ಡಿ 42, ಇವೆರಡರ ಮೇಲೆ ದಪ್ಪ ರಿಂಗ್ ಹಾಕಿ ಎಂ42 ಆರಾಮಾಗಿ ಬಳಸಬಹುದು. ಆದ್ರೆ ಎಫ್‌ಡಿ ಲೆನ್ಸುಗಳನ್ನೇ ಬೇರೆ ಹಳೇ ಬಾಡಿಗೆ ಹಾಕೋದು ಕಷ್ಟ, ಕ್ಯಾನನ್ನವರೇ 1987ರಲ್ಲಿ ಇಎಫ್ ತಂದು ಅದನ್ನ ಕೈಬಿಟ್ರು. ನಿಕಾನ್ ಇಷ್ಟಪಡೋರಿಗೆ ಒಂದು ಮಾತು, 1977ಕ್ಕಿಂತ ಮುಂಚಿನ ಲೆನ್ಸ್ ಇದ್ರೆ ನಿಕಾನ್ ಬಾಡಿ ಎಫ್‌ಎಂಗೆ ಹಾಕಬಹುದು, ಅದರ ಮೀಟರ್ ಕಡ್ಡಿ ಮಡಚಿಕೊಳ್ಳತ್ತೆ, ಎಫ್‌ಎಂ2ದು ಮಡಚಲ್ಲ, ಬಲವಂತ ಮಾಡಿದ್ರೆ ಮುರಿಯತ್ತೆ. ತಂಗಿ ಮಗಳ ಸೋನಿ ಮಿರರ್‌ಲೆಸ್ಸಿಗೆ ನನ್ನ 55 ಹಾಕಿ ನೋಡಿದ್ವಿ, ಅಲ್ಲಿ ಫ್ಲ್ಯಾಂಜ್ ದೂರ 18 ಮಿ.ಮೀ. ಅಷ್ಟೇ, ಅಡಾಪ್ಟರ್ ಉದ್ದದ ಕೊಳವೆ ಥರ ಇರತ್ತೆ, ಹೆಚ್ಚುಕಮ್ಮಿ ಯಾವ ಹಳೇ ಲೆನ್ಸಾದ್ರೂ ಕೂರತ್ತೆ.

ನಮ್ಮ ಕಡೆ ಮೌಂಟಿಗಿಂತ ದೊಡ್ಡ ಶತ್ರು ಬೂಷ್ಟು. ಜೂನಿಂದ ಸೆಪ್ಟೆಂಬರ್ ತನಕ ಗೋಡೆಗೇ ಬೂಷ್ಟು ಹಿಡಿಯೋ ಊರಲ್ಲಿ ಲೆನ್ಸ್ ಬಿಡತ್ತಾ. ಎರಡನೇ ಮಳೆಗಾಲದಲ್ಲಿ ಲೆದರ್ ಬ್ಯಾಗಲ್ಲೇ ಇಟ್ಟಿದ್ದ 135ರ ಒಳಗೆ ಜೇಡರ ಬಲೆ ಥರ ಬೆಳ್ಳಗೆ ಬಂತು. ಮೊಬೈಲ್ ಟಾರ್ಚ್ ಹಿಂದಿಂದ ಬಿಟ್ಟು ನೋಡಿದಾಗ ಎದೆ ಝಲ್ ಅಂತು, ಚಿಕ್ಕಪ್ಪ ಮೂವತ್ತು ವರ್ಷ ಕಾಪಾಡಿದ್ದು ನನ್ನ ಕೈಲಿ ಎರಡೇ ವರ್ಷಕ್ಕೆ ಹೀಗಾಯ್ತಲ್ಲ ಅಂತ. ಬೆಂಗಳೂರಿಗೆ ಕಳಿಸಿ ಕ್ಲೀನ್ ಮಾಡಿಸ್ದೆ, ಕೋಟಿಂಗ್ ಮೇಲೆ ಸಣ್ಣ ಕಲೆ ಉಳೀತು. ಲೆದರ್ ಬ್ಯಾಗಲ್ಲಿ ಇಡಲೇಬೇಡಿ, ತೇವ ಹೀರ್ಕೊಂಡು ಕೂತಿರತ್ತೆ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ನೀಲಿ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶದ ಮೀಟರ್, ಶೇಕಡಾ 45–50 ಆಸುಪಾಸು ಇರೋ ಹಾಗೆ ನೋಡ್ಕೋತೀನಿ. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಹಳೇ ತವಾ ಮೇಲೆ ಸಣ್ಣ ಉರಿ, ಮತ್ತೆ ನೀಲಿ ಆಗತ್ತೆ. ಕಾಫಿ ಬೀಜ ಮಾರೋವಾಗ ಮಾಯಿಶ್ಚರ್ ಎಷ್ಟು ಅಂತ ಹತ್ತು ಸಲ ನೋಡೋ ನಾವು ಲೆನ್ಸಿಗೂ ಅಷ್ಟು ನೋಡಿದ್ರೆ ಸಾಕು.

ಆಮೇಲೆ ಒಂದು ಟಕುಮಾರ್ 50 ಎಫ್/1.4 ಸೇರಿಸ್ಕೊಂಡೆ, ಏಳು ಎಲಿಮೆಂಟಿಂದು, ಅಂದ್ರೆ ಒಳಗೆ ಏಳು ಗಾಜು. ಬಂದಾಗ ಗಾಜು ನೀರಾದ ಡಿಕಾಕ್ಷನ್ ಬಣ್ಣ ಇತ್ತು. ಅದು ಕೊಳೆ ಅಲ್ಲ, ಆ ಗಾಜಲ್ಲಿ ಥೋರಿಯಂ ಇದೆ, ವರ್ಷ ಕಳೆದ ಹಾಗೆ ತಾನೇ ಹಳದಿ ಆಗತ್ತೆ, ನೇರಳಾತೀತ ಬೆಳಕು ಬಿದ್ರೆ ತಿಳಿಯಾಗತ್ತೆ. ಏಪ್ರಿಲ್ ಬಿಸಿಲಲ್ಲಿ ಮೂರು ವಾರ ತಾರಸಿ ಮೇಲೆ ಇಟ್ಟೆ, ಕೆಳಗೆ ಅಲ್ಯೂಮಿನಿಯಂ ಫಾಯಿಲ್ ಹಾಕಿ. ಗೋಣಿಚೀಲ, ಕಾಗದ, ಒಣಗಿದ ಎಲೆ ಹತ್ರ ಇಡ್ಬೇಡಿ, ಭೂತಗನ್ನಡಿ ಥರ ಬೆಂಕಿ ಹಚ್ಚತ್ತೆ. ಪೂರ್ತಿ ಬಿಳಿ ಆಗ್ಲಿಲ್ಲ, ಮುಕ್ಕಾಲು ಪಾಲು ಹೋಯ್ತು.

ಆರು ವರ್ಷದಲ್ಲಿ ರಿಂಗಿನ ಸ್ಥಿತಿ: ಮರೆಯಲ್ಲಿ ಸವೆತ ಇಲ್ಲ, ಅಲುಗಾಟ ಇಲ್ಲ. ಹೋದ ವರ್ಷ ಸ್ಪ್ರಿಂಗ್ ಪಟ್ಟಿ ಹಿಡಿದಿರೋ ಚಿಕ್ಕ ಸ್ಕ್ರೂ ಸಡಿಲ ಆಗಿ, ಲೆನ್ಸ್ ಬಿಚ್ಚೋಕೆ ಹೋದ್ರೆ ರಿಂಗೂ ಜೊತೆಗೇ ತಿರುಗ್ತಿತ್ತು. ಅದು ಕಳಚಿ ಕನ್ನಡಿ ಮೇಲೆ ಬಿದ್ದಿದ್ರೆ ಕಷ್ಟ ಇತ್ತು. ವಾಚ್ ರಿಪೇರಿಯವರ ಹತ್ರ ಬಿಗಿ ಮಾಡಿಸಿ, ಸ್ಕ್ರೂ ತಲೆ ಮೇಲೆ ಹೆಂಡತಿ ಹತ್ರ ಇಸ್ಕೊಂಡ ನೇಲ್ ಪಾಲಿಶ್ ಒಂದು ತೊಟ್ಟು ಬಿಟ್ಟೆ. ಮೊನ್ನೆ ಶೆಟ್ಟಿಹಳ್ಳಿ ಚರ್ಚಿಗೆ ಹೋಗೋ ಮುಂಚೆ ನೋಡ್ದೆ, ಆ ಕೆಂಪು ಚುಕ್ಕೆ ಹಾಗೇ ಕೂತಿದೆ, ಸ್ಕ್ರೂ ಅಲುಗಿಲ್ಲ. ಹಿನ್ನೀರಿನ ಆಚೆ ದಡದಿಂದ 135ರಲ್ಲಿ ತೆಗೆದ ಗೋಪುರದ ಫೋಟೋ ಈ ವಾರ ಡೆವಲಪ್ ಆಗಿ ಬಂತು, ಕಮಾನಿನ ಬಿರುಕಲ್ಲಿ ಬೆಳೆದ ಹುಲ್ಲೂ ಲೆಕ್ಕ ಮಾಡಬಹುದು. ಪ್ರಿಂಟ್ ಹಾಕಿಸಿ ಚಿಕ್ಕಪ್ಪಂಗೆ ಕೊಟ್ಬಂದೆ.