ಅನಾಲಿಸಿಸ್ ಮೊದಲಾ, ಲೀನಿಯರ್ ಆಲ್ಜೀಬ್ರಾ ಮೊದಲಾ? ಮೂರೂ ರೀತಿ ಓದಿದವಳ ಹೋಲಿಕೆ

ಬಿಎಸ್ಸಿ ಎರಡನೇ ವರ್ಷಕ್ಕೆ ಬಂದ ಮಕ್ಕಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಒಂದೇ: "ಮೇಡಂ, ಯಾವ ಪೇಪರ್ ಸ್ಕೋರಿಂಗ್?" ನಾನು ತಿರುಗಿ ಕೇಳುವುದೂ ಒಂದೇ: "ಅದರ ಜೊತೆ ಇನ್ನೇನು ಓದ್ತಿದೀಯ?" ಗಣಿತದ ಒಂದು ಪೇಪರ್ ಕಷ್ಟವೋ ಸುಲಭವೋ ಅನ್ನುವುದನ್ನು ಆ ಪೇಪರ್ ನೋಡಿದರೆ ಅರ್ಧ ಮಾತ್ರ ಹೇಳಬಹುದು. ಅದು ಯಾವುದರ ನಂತರ ಬಂತು, ಯಾವುದರ ಪಕ್ಕದಲ್ಲಿ ಬಂತು ಅನ್ನುವುದರಲ್ಲಿದೆ ಉಳಿದರ್ಧ.

"ನಮ್ಮ ಕಾಲೇಜಲ್ಲಿ ಆಯ್ಕೆ ಎಲ್ಲಿದೆ, ಸಿಲಬಸ್ ಇದ್ದಂಗೆ ಓದಬೇಕು" ಅಂತ ನೀವು ಹೇಳಬಹುದು. ನಿಜವೇ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದು, 2024-25ಕ್ಕೆ ಮತ್ತೆ ಮೂರು ವರ್ಷದ ಡಿಗ್ರಿ, ಮೂರು ಮೇಜರ್ ಅಂತ ಆಗಿ, ನಮ್ಮ ಕಡೆ ಪೇಪರುಗಳ ಜಾಗ ಬದಲಾಗುತ್ತಲೇ ಇದೆ. ಅದು ನಿಮ್ಮ ಕೈಲಿಲ್ಲ. ಆದರೆ ರಜೆಯಲ್ಲಿ ಏನು ಓದುತ್ತೀರಿ, ಐಐಟಿಗಳ ಆನ್‌ಲೈನ್ ಪಾಠಗಳಿರುವ ಎನ್‌ಪಿಟೆಲ್‌ನಲ್ಲಿ ಯಾವ ಕೋರ್ಸಿಗೆ ಹೆಸರು ಕೊಡುತ್ತೀರಿ, ಕೊನೇ ವರ್ಷದ ಎಲೆಕ್ಟಿವ್ ಯಾವುದು, ಐಐಟಿಗಳ ಎಂಎಸ್ಸಿ ಸೇರಲು ಜ್ಯಾಮ್ ಪ್ರವೇಶ ಪರೀಕ್ಷೆ ಬರೆಯುವುದಾದರೆ ಯಾವುದರಿಂದ ಶುರು ಮಾಡುತ್ತೀರಿ, ಇದೆಲ್ಲ ನಿಮ್ಮ ಕೈಯಲ್ಲೇ ಇದೆ. ಯೋಚಿಸಿ ಇಟ್ಟರೆ ಅಷ್ಟೇ ಸಾಕಾಗುತ್ತದೆ.

ರಿಯಲ್ ಅನಾಲಿಸಿಸ್ (ಲಿಮಿಟ್, ಸೀಕ್ವೆನ್ಸ್, ಸೀರೀಸ್‌ಗಳ ಬುಡ ನೋಡುವ ಪೇಪರ್) ಮತ್ತು ಲೀನಿಯರ್ ಆಲ್ಜೀಬ್ರಾ (ವೆಕ್ಟರ್, ಮ್ಯಾಟ್ರಿಕ್ಸ್‌ಗಳ ಪೇಪರ್), ಈ ಎರಡನ್ನು ನಾನು ಮೂರು ಕ್ರಮದಲ್ಲಿ ಓದಿದ್ದೇನೆ. ಬಿಎಸ್ಸಿಯಲ್ಲಿ ಅನಾಲಿಸಿಸ್ ಮೊದಲು ಬಂತು, ಲೀನಿಯರ್ ಕೊನೇ ವರ್ಷಕ್ಕೆ. ಎಂಎಸ್ಸಿಯಲ್ಲಿ ಎರಡೂ ಒಟ್ಟಿಗೆ ಬಂದವು. ಲೆಕ್ಚರರ್ ಆಗಲು ಬೇಕಾದ ಕೆಸೆಟ್ ಅರ್ಹತಾ ಪರೀಕ್ಷೆಗೆ ಓದುವಾಗ ಎಲ್ಲ ಬಿಟ್ಟು ಮೊದಲಿನಿಂದ ಶುರು ಮಾಡಿದೆ, ಆಗ ಲೀನಿಯರ್ ಮುಂದೆ ಇಟ್ಟುಕೊಂಡೆ. ಈಗ ಪಾಠ ಮಾಡುವಾಗ ಮಕ್ಕಳು ಎಲ್ಲಿ ನಿಲ್ಲುತ್ತಾರೆ ಅನ್ನುವುದನ್ನೂ ನೋಡುತ್ತಿದ್ದೇನೆ.

ಅನಾಲಿಸಿಸ್ ಮೊದಲು

ಹಳೇ ಸಿಲಬಸ್‌ಗಳ ದಾರಿ ಇದು. ಕ್ಯಾಲ್ಕುಲಸ್ ಆಯ್ತು, ಇನ್ನು ಅದರ ಬುಡ ನೋಡೋಣ ಅಂತ ಸೀಕ್ವೆನ್ಸ್, ಸೀರೀಸ್‌ಗೆ ಬರುತ್ತೇವೆ. ಕೇಳೋಕೆ ಸರಿಯಾಗಿಯೇ ಇದೆ, ಅಲ್ವಾ?

ತೊಂದರೆ ಬರುವುದು ಲಿಮಿಟ್‌ನ ವ್ಯಾಖ್ಯೆಯಲ್ಲಿ. 1, 1/2, 1/3, 1/4 ಅಂತ ಹೋಗುವ ಸೀಕ್ವೆನ್ಸ್ ಸೊನ್ನೆಗೆ ಹೋಗುತ್ತದೆ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಸಾಧಿಸಿ ಅಂದರೆ ಕೈ ನಿಲ್ಲುತ್ತದೆ. ಎಪ್ಸಿಲಾನ್, ಅಂದರೆ ಸೊನ್ನೆಯಿಂದ ಎಷ್ಟು ದೂರದೊಳಗೆ ಬರಬೇಕು ಅನ್ನುವುದು, 0.01 ಅಂತ ಕೊಟ್ಟರೆ 100ನೇ ಪದದ ನಂತರ ಎಲ್ಲವೂ ಆ ದೂರದೊಳಗೆ ಬರುತ್ತವೆ. 0.001 ಕೊಟ್ಟರೆ 1000ದ ನಂತರ. ಅಂದರೆ ಮೊದಲು ಎಪ್ಸಿಲಾನ್, ಆಮೇಲೆ ಅದಕ್ಕೆ ತಕ್ಕ ಎನ್ (ಎಷ್ಟನೇ ಪದದ ನಂತರ ಅನ್ನುವುದು). ಮಕ್ಕಳು ಉತ್ತರ ಪತ್ರಿಕೆಯಲ್ಲಿ ಇದನ್ನು ತಿರುಗಾಮುರುಗಾ ಬರೆಯುತ್ತಾರೆ: "ಒಂದು ಎನ್ ಇದೆ, ಅದು ಎಲ್ಲ ಎಪ್ಸಿಲಾನ್‌ಗೂ ಸಾಲುತ್ತದೆ." ಹಾಗೆ ಬರೆದರೆ ಆ ಎನ್ ದಾಟಿದ ಮೇಲಿನ ಪದಗಳೆಲ್ಲ ಸರಿಯಾಗಿ ಸೊನ್ನೆಯೇ ಆಗಿರಬೇಕು ಅಂತಾಯ್ತು. 1/ಎನ್ ಯಾವತ್ತೂ ಸೊನ್ನೆ ಆಗುವುದಿಲ್ಲ. ಎರಡು ಪದ ಜಾಗ ಬದಲಾಯಿಸಿದ್ದಕ್ಕೆ ಇಡೀ ವಾಕ್ಯ ಸುಳ್ಳಾಯಿತು.

ಇಂಥ ವಾಕ್ಯವನ್ನು ಅಲ್ಲಿಯವರೆಗೆ ಅವರು ಬರೆದೇ ಇರುವುದಿಲ್ಲ. ಪಿಯುಸಿಯಿಂದ ಬಂದದ್ದೆಲ್ಲ ಲೆಕ್ಕ ಮಾಡುವುದು, ಉತ್ತರಕ್ಕೆ ಗೆರೆ ಎಳೆಯುವುದು. ಪ್ರೂಫ್ ಅಂದರೆ ಏನು ಅಂತ ಕಲಿಯುವುದೂ, "ಪ್ರತಿಯೊಂದಕ್ಕೂ ಒಂದಿದೆ" ಅನ್ನುವ ಮಾತಿನ ಕ್ರಮ ಕಲಿಯುವುದೂ ಒಂದೇ ವಾರದಲ್ಲಿ ಆಗಬೇಕು ಅಂದರೆ ಯಾರಿಗಾದರೂ ಭಾರವೇ. ಜಾಣರು ದಾಟುತ್ತಾರೆ. ಉಳಿದವರು ಪ್ರೂಫ್‌ಗಳನ್ನು ಉರು ಹೊಡೆಯುತ್ತಾರೆ. ಸೆಮಿಸ್ಟರ್ ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಜ್ಯಾಮ್‌ನಲ್ಲಿ. ಅಲ್ಲಿ ಎಂಎಸ್‌ಕ್ಯೂ ಅಂತ 10 ಪ್ರಶ್ನೆ ಇರುತ್ತವೆ, ತಲಾ 2 ಅಂಕ. ನಾಲ್ಕು ಆಯ್ಕೆಗಳಲ್ಲಿ ಸರಿ ಇರುವುದನ್ನೆಲ್ಲ ಗುರುತಿಸಬೇಕು. ನೆಗೆಟಿವ್ ಇಲ್ಲ, ಆದರೆ ಒಂದು ಬಿಟ್ಟರೂ ಸೊನ್ನೆ. ಉರು ಹೊಡೆದ ಅನಾಲಿಸಿಸ್ ಸಿಕ್ಕಿಬೀಳುವ ಜಾಗ ಅದು.

ಈ ದಾರಿಯ ಒಳ್ಳೆಯದೂ ಹೇಳಬೇಕು. ಅನಾಲಿಸಿಸ್ ಮಾಗುವುದಕ್ಕೆ ಸಮಯ ಬೇಕು. ಬೇಗ ಶುರು ಮಾಡಿದವರಿಗೆ ಅದು ಸಿಗುತ್ತದೆ. ಕೊನೇ ವರ್ಷದಲ್ಲಿ ಅದೇ ಲಿಮಿಟ್ ವ್ಯಾಖ್ಯೆಯನ್ನು ಮತ್ತೆ ನೋಡಿದಾಗ "ಓ, ಇಷ್ಟೇನಾ" ಅನಿಸಿದ್ದು ನನಗೆ ನೆನಪಿದೆ.

ಎರಡೂ ಒಟ್ಟಿಗೆ

ಇದರ ಬಗ್ಗೆ ನನಗೆ ಜಾಸ್ತಿ ಹೇಳಲಿಕ್ಕಿಲ್ಲ: ಬೇಡ.

ಕಾರಣ ಮಾತ್ರ ಹೇಳಿಬಿಡುತ್ತೇನೆ. ಪ್ರೂಫ್ ಪೇಪರ್ ಓದುವುದು ಅಂದರೆ ಬಹುಪಾಲು ಸಿಕ್ಕಿಹಾಕಿಕೊಂಡು ಕೂರುವುದು. ಒಂದು ಲೆಕ್ಕದ ಮುಂದೆ ಸಂಜೆಯಿಡೀ ಕೂತು, ಊಟ ಮಾಡುವಾಗಲೂ ಅದನ್ನೇ ಯೋಚಿಸಿ, ಬೆಳಗ್ಗೆ ಬಸ್ಸಿನಲ್ಲಿ ಹೊಳೆಯುವುದು. ತಲೆ ಒಂದು ಸಲಕ್ಕೆ ಒಂದೇ ಕಡೆ ಸಿಕ್ಕಿಹಾಕಿಕೊಳ್ಳಲು ಸಾಧ್ಯ. ಎರಡು ಪೇಪರ್ ಇದ್ದಾಗ ಯಾವುದು ಸ್ವಲ್ಪ ಸಲೀಸೋ ಅದರ ಕಡೆ ಕೈ ಹೋಗುತ್ತದೆ. ಇನ್ನೊಂದು ಪರೀಕ್ಷೆಯ ಹಿಂದಿನ ರಾತ್ರಿಗೆ ಉಳಿಯುತ್ತದೆ. ಎಂಎಸ್ಸಿ ಮೊದಲ ಸೆಮಿಸ್ಟರ್‌ನಲ್ಲಿ ಹಾಸ್ಟೆಲ್ಲಿನಲ್ಲಿ ನಮ್ಮ ಕೋಣೆಯ ಮೂವರಿಗೂ ಹೀಗೇ ಆಯಿತು. ಮೂವರೂ ಲೀನಿಯರ್‌ನಲ್ಲಿ ಚೆನ್ನಾಗಿ ಬರೆದೆವು. ಅನಾಲಿಸಿಸ್‌ನಲ್ಲಿ ಬೊಲ್ಜಾನೊ-ವೈರ್‌ಸ್ಟ್ರಾಸ್ ಪ್ರಮೇಯದ ಪ್ರೂಫ್ ಮೂವರದ್ದೂ ಅಕ್ಷರ ಬಿಡದೆ ಒಂದೇ ಥರ ಇತ್ತು, ಯಾಕಂದರೆ ನೋಟ್ಸ್ ಒಂದೇ.

"ಐಐಎಸ್‌ಸಿಯಲ್ಲಿ ಮೊದಲ ವರ್ಷವೇ ಎರಡೂ ಇದೆಯಲ್ಲ" ಅಂತ ಒಬ್ಬ ಹುಡುಗ ಕೇಳಿದ. ಹೌದು, ಅಲ್ಲಿಯ ನಾಲ್ಕು ವರ್ಷದ ಪದವಿಯಲ್ಲಿ ಮೊದಲೆರಡು ಸೆಮಿಸ್ಟರ್‌ನ ಗಣಿತದ ಕೋರ್ಸಿನ ಹೆಸರೇ 'ಅನಾಲಿಸಿಸ್ ಮತ್ತು ಲೀನಿಯರ್ ಆಲ್ಜೀಬ್ರಾ'. ಆದರೆ ಗಮನಿಸಿ, ಅದು ಒಂದೇ ಕೋರ್ಸು. ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಾವುದನ್ನು ಎಷ್ಟು ಹೊತ್ತು ನಿಲ್ಲಿಸಬೇಕು ಅಂತ ಹೆಣೆದು ಕೊಡುತ್ತಾರೆ. ನಮ್ಮಲ್ಲಿ ಇಬ್ಬರು ಲೆಕ್ಚರರ್, ಎರಡು ಟೈಮ್‌ಟೇಬಲ್, ಎರಡು ಇಂಟರ್ನಲ್ಸ್. ಅದನ್ನೂ ಇದನ್ನೂ ಒಂದೇ ಅನ್ನಲಾಗದು.

ಲೀನಿಯರ್ ಆಲ್ಜೀಬ್ರಾ ಮೊದಲು

ನನ್ನ ಓಟು ಇದಕ್ಕೆ. ಸುಲಭ ಅಂತಲ್ಲ. ಇಲ್ಲಿ ಪ್ರೂಫ್‌ಗಳು ಗಿಡ್ಡ, ಹಾಗಾಗಿ ಪ್ರೂಫ್ ಬರೆಯುವ ಅಭ್ಯಾಸ ಇಲ್ಲಿ ಬೇಗ ಕೂರುತ್ತದೆ.

ಉದಾಹರಣೆಗೆ ಎಕ್ಸ್ + 2ವೈ + 3ಝಡ್ = 0 ಅನ್ನುವ ಸಮತಲ ಸಬ್‌ಸ್ಪೇಸಾ, ಅಂದರೆ ಅದರೊಳಗಿನ ವೆಕ್ಟರ್‌ಗಳನ್ನು ಕೂಡಿಸಿದರೂ ಸಂಖ್ಯೆಯಿಂದ ಗುಣಿಸಿದರೂ ಅದರೊಳಗೇ ಉಳಿಯುತ್ತೇವಾ? ಅದರೊಳಗಿನ ಎರಡು ವೆಕ್ಟರ್ ಕೂಡಿಸಿ, ಮೊತ್ತವೂ ಸೊನ್ನೆ. ಒಂದು ಸಂಖ್ಯೆಯಿಂದ ಗುಣಿಸಿ, ಆಗಲೂ ಸೊನ್ನೆ. ಮೂಲಬಿಂದು ಅದರಲ್ಲಿದೆ. ಮುಗಿಯಿತು. ಬಲಗಡೆ 0 ಬದಲು 6 ಹಾಕಿ. ಮೂಲಬಿಂದು ಅದರ ಮೇಲೆ ಇಲ್ಲ, ಹಾಗಾಗಿ ಸಬ್‌ಸ್ಪೇಸ್ ಅಲ್ಲ. ಒಂದು ಸಾಲಿನ ಪ್ರೂಫ್. ಮೊದಲ ದಿನವೇ ಒಂದು "ಹೌದು", ಒಂದು "ಅಲ್ಲ" ಎರಡನ್ನೂ ಮಕ್ಕಳು ತಾವೇ ಸಾಧಿಸಿ ಮನೆಗೆ ಹೋಗುತ್ತಾರೆ. ಅನಾಲಿಸಿಸ್‌ನಲ್ಲಿ ಆ ದಿನ ಬರುವುದಕ್ಕೆ ವಾರಗಟ್ಟಲೆ ಕಾಯಬೇಕು.

ಇನ್ನೂ ಒಂದು ಕಾರಣವಿದೆ, ನನಗೆ ಇದೇ ದೊಡ್ಡದು. ಡಿಫರೆನ್ಷಿಯಲ್ ಈಕ್ವೇಷನ್ ಪೇಪರ್‌ನಲ್ಲಿ 'ಸಿಎಫ್ + ಪಿಐ' ಅಂತ ಎಲ್ಲರೂ ಬರೆಯುತ್ತೇವೆ: ಸಿಎಫ್ ಅಂದರೆ ಬಲಗಡೆ ಸೊನ್ನೆ ಇಟ್ಟಾಗಿನ ಉತ್ತರಗಳು, ಪಿಐ ಅಂದರೆ ಕೊಟ್ಟ ಈಕ್ವೇಷನ್‌ನ ಯಾವುದಾದರೂ ಒಂದು ಉತ್ತರ. ಬಿಎಸ್ಸಿಯವರೂ, ಇಂಜಿನಿಯರಿಂಗ್‌ನವರೂ. ವೈನ ಎರಡನೇ ಡಿರೈವೇಟಿವ್‌ಗೆ ವೈ ಕೂಡಿಸಿದರೆ ಎಕ್ಸ್ ಬರಬೇಕು ಅಂದರೆ, ಸಿಎಫ್‌ನಲ್ಲಿ ಕಾಸ್ ಮತ್ತು ಸೈನ್ ಎರಡು ಸ್ಥಿರಾಂಕಗಳ ಜೊತೆ ಬರುತ್ತವೆ, ಪಿಐ ಬರೀ ಎಕ್ಸ್. ಯಾಕೆ ಎರಡನ್ನೂ ಕೂಡಿಸಬೇಕು? ಯಾಕೆ ಸ್ಥಿರಾಂಕಗಳು ಎರಡೇ, ಮೂರಲ್ಲ? ಕೇಳಿದರೆ "ಫಾರ್ಮುಲಾ ಮೇಡಂ" ಅನ್ನುತ್ತಾರೆ.

ಮೇಲಿನ ಸಮತಲಕ್ಕೇ ಬನ್ನಿ. ಬಲಗಡೆ 6 ಇದ್ದಾಗ ಒಂದು ಉತ್ತರ ಕಣ್ಣಿಗೆ ಕಾಣುತ್ತದೆ: (1, 1, 1). ಉಳಿದ ಉತ್ತರಗಳೆಲ್ಲ ಬೇಕಾದರೆ, ಬಲಗಡೆ 0 ಇದ್ದಾಗಿನ ಉತ್ತರಗಳನ್ನು ಇದಕ್ಕೆ ಕೂಡಿಸುತ್ತಾ ಹೋಗಿ. ಆ 0 ಸಮತಲವೇ ಸಿಎಫ್, (1, 1, 1) ಪಿಐ. ಸಮತಲಕ್ಕೆ ಆಯಾಮ ಎರಡು. ಎರಡನೇ ಆರ್ಡರ್ ಈಕ್ವೇಷನ್‌ನ ಸಿಎಫ್‌ಗೂ ಆಯಾಮ ಎರಡು. ಅದಕ್ಕೇ ಎರಡು ಸ್ಥಿರಾಂಕ. ಇದನ್ನು ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಆದರೆ ಲೀನಿಯರ್ ಕೊನೇ ವರ್ಷಕ್ಕೆ ಇದ್ದರೆ, ಈ ಮಾತು ಹೇಳುವ ಹೊತ್ತಿಗೆ ಡಿಫರೆನ್ಷಿಯಲ್ ಈಕ್ವೇಷನ್ ಪರೀಕ್ಷೆ ಮುಗಿದು ಹೋಗಿರುತ್ತದೆ.

ಮಲ್ಟಿವೇರಿಯಬಲ್ ಕ್ಯಾಲ್ಕುಲಸ್‌ನದ್ದೂ ಇದೇ ಕಥೆ. ಹಲವು ಚಲಗಳಿದ್ದಾಗ ಡಿರೈವೇಟಿವ್ ಅನ್ನುವುದೇ ಒಂದು ಲೀನಿಯರ್ ಮ್ಯಾಪ್, ಜಾಕೋಬಿಯನ್ ಅದರ ಮ್ಯಾಟ್ರಿಕ್ಸ್. ಲೀನಿಯರ್ ಗೊತ್ತಿಲ್ಲದವರಿಗೆ ಜಾಕೋಬಿಯನ್ ಅಂದರೆ ಸುಮ್ನೆ ಒಂದು ಡಿಟರ್ಮಿನಂಟ್ ಅಷ್ಟೆ.

ಕೊರತೆ? ಇದೆ. ಮ್ಯಾಟ್ರಿಕ್ಸ್ ಲೆಕ್ಕ ಕೈಗೆ ಹತ್ತಿದ ಮೇಲೆ, ಪ್ರೂಫ್ ಬಿಟ್ಟು ಬರೀ ರೋ ರಿಡಕ್ಷನ್ ಮಾಡಿಕೊಂಡು "ನನಗೆಲ್ಲ ಬರುತ್ತೆ" ಅಂದುಕೊಳ್ಳುವುದು ಸುಲಭ. ಐಗನ್ ವ್ಯಾಲ್ಯೂ ಕಂಡುಹಿಡಿಯುತ್ತಾರೆ, ಐಗನ್ ವೆಕ್ಟರ್ ಯಾಕೆ ಬೇಕು ಅಂದರೆ ಇಲ್ಲ. ಅದಕ್ಕೆ ಮದ್ದು ಕಲಿಸುವವರ ಕೈಯಲ್ಲಿದೆ, ಕ್ರಮದಲ್ಲಿ ಇಲ್ಲ.

ಹಾಗಾದರೆ ಯಾವಾಗ, ಎಲ್ಲಿ

ಮೊದಲ ವರ್ಷ ಮುಗಿದ ರಜೆಯಲ್ಲಿ ಲೀನಿಯರ್ ಮುಗಿಸಿ. ಮೂರನೇ ಸೆಮಿಸ್ಟರ್‌ನಲ್ಲಿ ಅನಾಲಿಸಿಸ್ ಬಂದಾಗ ಅದರ ಜೊತೆ ಇನ್ನೊಂದು ಪ್ರೂಫ್ ಪೇಪರ್ ಸೇರಿಸಬೇಡಿ. ಲೆಕ್ಕದ ಪೇಪರ್ ಇದ್ದರೆ ಇರಲಿ. ಕಾಲೇಜಿನವರೇ ಗ್ರೂಪ್ ಥಿಯರಿ ಜೊತೆಗಿಟ್ಟಿದ್ದರೆ, ಆ ಸೆಮಿಸ್ಟರ್ ಆನ್‌ಲೈನ್ ಕೋರ್ಸಿನ ಸಹವಾಸ ಬೇಡ.

ಓದುವ ಹೊತ್ತು ಎರಡಕ್ಕೂ ಬೇರೆ. ಅನಾಲಿಸಿಸ್‌ಗೆ ದಿನಾ ಬೆಳಗ್ಗೆ ಮುಕ್ಕಾಲು ಗಂಟೆ ಬೇಕು. ವಾರಕ್ಕೊಮ್ಮೆ ಐದು ಗಂಟೆ ಕೂತರೆ ಹತ್ತುವುದಿಲ್ಲ, ನಾನು ಕೂತು ನೋಡಿದ್ದೇನೆ. ಲೀನಿಯರ್ ಹಾಗಲ್ಲ. ಭಾನುವಾರ ಉದ್ದಕ್ಕೆ ಕೂತರೆ ಒಂದು ಅಧ್ಯಾಯ ಮುಗಿಯುತ್ತದೆ, ವಾರದ ಮಧ್ಯೆ ಬಿಟ್ಟರೂ ಮರೆಯುವುದಿಲ್ಲ.

ಎಲ್ಲಿಂದ ಕಲಿಯುವುದು ಅನ್ನುವುದಕ್ಕೆ ನಾನು ಎರಡನ್ನು ಬಳಸಿದ್ದೇನೆ. ಎಂಐಟಿಯ ಓಪನ್ ಕೋರ್ಸ್‌ವೇರ್‌ನಲ್ಲಿರುವ ಗಿಲ್ಬರ್ಟ್ ಸ್ಟ್ರಾಂಗ್ ಅವರ ಲೀನಿಯರ್ ಪಾಠಗಳು ಚಿತ್ರ ಕಣ್ಣಿಗೆ ಕಟ್ಟುವಂತಿವೆ. ಅವರು 2023ರಲ್ಲಿ ನಿವೃತ್ತರಾದರು, ವಿಡಿಯೊಗಳು ಹಾಗೇ ಇವೆ, ಪುಕ್ಕಟೆ. ಆದರೆ ಅವರದ್ದು ಮ್ಯಾಟ್ರಿಕ್ಸ್‌ನ ದಾರಿ. ನಮ್ಮ ಪರೀಕ್ಷೆಗೆ ಬೇಕಾದ ವೆಕ್ಟರ್ ಸ್ಪೇಸ್‌ನ ಪ್ರೂಫ್‌ಗಳು ಅಲ್ಲಿ ಕಡಿಮೆ. ಎನ್‌ಪಿಟೆಲ್‌ನಲ್ಲಿ ಅದು ಸಿಗುತ್ತದೆ, ಜೊತೆಗೆ ವಾರಕ್ಕೊಂದು ಅಸೈನ್‌ಮೆಂಟಿನ ಒತ್ತಡವೂ. ಸೇರುವುದು ಪುಕ್ಕಟೆ, ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. 12 ವಾರದ ಕೋರ್ಸಿನಲ್ಲಿ ನಿಮ್ಮ ಒಳ್ಳೆಯ 8 ಅಸೈನ್‌ಮೆಂಟ್‌ಗೆ 25 ಅಂಕ, ಪರೀಕ್ಷೆಗೆ 75. ಸರ್ಟಿಫಿಕೇಟ್ ಬೇಕಾದರೆ 25ರಲ್ಲಿ 10, 75ರಲ್ಲಿ 30, ಎರಡೂ ಬರಬೇಕು. ಅಸೈನ್‌ಮೆಂಟ್ ಉತ್ತರಗಳು ಗ್ರೂಪುಗಳಲ್ಲಿ ಓಡಾಡುತ್ತವೆ, ಗೊತ್ತೇ ಇದೆ. ನೋಡಿ ಬರೆದವರಿಗೆ ಆ 10 ಬರುತ್ತದೆ, 30 ಬರುವುದಿಲ್ಲ.

ಹೆಸರು ಕೊಡುವ ಮುನ್ನ ಕ್ಯಾಲೆಂಡರ್ ನೋಡಿ. ಜುಲೈನಲ್ಲಿ ಶುರುವಾಗುವ ಕೋರ್ಸಿನ ಪರೀಕ್ಷೆ ಅಕ್ಟೋಬರ್ ಕೊನೆಯ ಹೊತ್ತಿಗೆ ಬರುತ್ತದೆ. ನಿಮ್ಮ ಇಂಟರ್ನಲ್ಸ್ ಅದೇ ವಾರ ಬಿದ್ದರೆ ಎರಡೂ ಹಾಳು. ರಜೆಗೆ ಇನ್ನೊಂದು ದಾರಿ ಎಂಟಿಟಿಎಸ್. ಪ್ರೊ. ಎಸ್. ಕುಮಾರೇಶನ್ 1993ರಲ್ಲಿ ಶುರು ಮಾಡಿದ ಬೇಸಿಗೆ ಶಿಬಿರ, ನಾಲ್ಕು ವಾರ, ಬಿಎಸ್ಸಿ ಎರಡನೇ ವರ್ಷದವರಿಗೂ ಅಲ್ಲಿ ಒಂದು ಹಂತವಿದೆ. ಪಾಠ ಕೇಳಿ ಬರೆದುಕೊಳ್ಳುವ ಜಾಗ ಅಲ್ಲ ಅದು, ಬೋರ್ಡಿಗೆ ಕರೆದು ಕೇಳುತ್ತಾರೆ. ಆಯ್ಕೆಯಾದರೆ ನನ್ನ ಈ ಟೈಮ್‌ಟೇಬಲ್ ಪಕ್ಕಕ್ಕಿಟ್ಟು ಹೊರಡಿ.

ಯಾರಿಗೆ ಇದು ಸರಿಹೋಗದು

ಫೆಬ್ರವರಿಯಲ್ಲಿ ಜ್ಯಾಮ್ ಇದೆ, ಈಗ ಆಗಸ್ಟ್, ಇನ್ನೂ ಏನೂ ಶುರು ಮಾಡಿಲ್ಲ ಅನ್ನುವವರು ಕ್ರಮದ ಚಿಂತೆ ಬಿಡಿ. ಅನಾಲಿಸಿಸ್ ಇವತ್ತೇ ತೆಗೆಯಿರಿ, ಯಾಕಂದರೆ ಅದನ್ನು ಕೊನೇ ತಿಂಗಳಿಗೆ ತಳ್ಳಲಾಗುವುದಿಲ್ಲ. ಲೀನಿಯರ್ ತಳ್ಳಬಹುದು. ಗ್ರೂಪ್ ಥಿಯರಿಯನ್ನೂ ಸ್ವಲ್ಪ ತಳ್ಳಬಹುದು. ಕಾಂಪ್ಲೆಕ್ಸ್ ಅನಾಲಿಸಿಸ್ ಆ ಪೇಪರ್‌ನ ಸಿಲಬಸ್‌ನಲ್ಲೇ ಇಲ್ಲ, ಅದನ್ನು ಕಾಲೇಜಿಗಷ್ಟೇ ಓದಿ.

ಇನ್ನು ಪಿಎಂಸಿಎಸ್ (ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ತೆಗೆದುಕೊಂಡು ಎಂಸಿಎ ಕಡೆಗೋ ಡೇಟಾ ಸೈನ್ಸ್ ಕಡೆಗೋ ಹೋಗುವವರು. ನಿಮಗೆ ಲೀನಿಯರ್ ಆಲ್ಜೀಬ್ರಾ ಚೆನ್ನಾಗಿ ಬೇಕು, ಪ್ರಾಬಬಿಲಿಟಿ ಅದಕ್ಕಿಂತ ಚೆನ್ನಾಗಿ ಬೇಕು. ಎಲೆಕ್ಟಿವ್ ಆರಿಸುವಾಗ ಫ್ರೆಂಡ್ಸ್ ಯಾವುದಕ್ಕೆ ಹೋದರು ಅಂತ ನೋಡದೆ ಸ್ಟಾಟಿಸ್ಟಿಕ್ಸ್ ಇರುವ ಕಡೆ ಹೋಗಿ. ಅನಾಲಿಸಿಸ್ ಪಾಸಾದರೆ ಸಾಕು ಅಂತ ನಾನು ಹೇಳಿದಾಗ ನಮ್ಮ ಡಿಪಾರ್ಟ್‌ಮೆಂಟ್‌ನಲ್ಲಿ ಒಂದಿಬ್ಬರು ಹುಬ್ಬು ಗಂಟಿಕ್ಕುತ್ತಾರೆ. ಇರಲಿ, ಆ ಪೇಪರ್‌ಗೆ ಕೊಡುವ ಬೆಳಗಿನ ಮುಕ್ಕಾಲು ಗಂಟೆಯನ್ನು ನೀವು ಪ್ರಾಬಬಿಲಿಟಿಗೆ ಕೊಟ್ಟರೆ ನನ್ನದೇನೂ ಅಭ್ಯಂತರವಿಲ್ಲ.